ಎಡ ಹೆಗಲಿನ ಕೆಳಗೆ

ಬೆಳಿಗ್ಗೆ ಎಚ್ಚರವಾದಾಗ ಅವನ ಬೆನ್ನಿನ ಕೆಳಗೆ ಹಾಸಿಗೆಯಲ್ಲಿದ್ದ ಗಂಟು ಕಾಣೆಯಾಗಿತ್ತು. ಕಣ್ಣು ತೆರೆಯುವ ಮೊದಲೇ ಅದು ಗೊತ್ತಾಯಿತು. ಪಕ್ಕದಲ್ಲಿ ಮಲಗಿದ್ದವರು ಎದ್ದು ಹೋದದ್ದು ನಿದ್ದೆಯಲ್ಲೇ ತಿಳಿಯುತ್ತದಲ್ಲ, ಹಾಗೆ. ಒಂದಿಷ್ಟು ಎಡಕ್ಕೆ ಸರಿದು ನೋಡಿದ, ಇಲ್ಲ. ಸೊಂಟವನ್ನು ಎತ್ತಿ ಮೆಲ್ಲಗೆ ಇಳಿಸಿದ, ಅಲ್ಲೂ ಇಲ್ಲ. ಇಷ್ಟು ಕಾಲ ಹಗಲು ರಾತ್ರಿಯೆನ್ನದೆ ತನ್ನನ್ನು ಒತ್ತಿದ್ದ, ತಾನು ಬಾಯಿಗೆ ಬಂದಂತೆ ಬೈದಿದ್ದ, ಕೊನೆಕೊನೆಗೆ ಮಾತಾಡಿಸತೊಡಗಿದ್ದ ಆ ಗಂಟು ಒಂದು ಮಾತೂ ಹೇಳದೆ ಹೊರಟುಹೋಗಿದೆ ಎನ್ನಿಸಿ ಗಾಬರಿಯಾಯಿತು. ಕಾಯಿಲೆ ಬಿದ್ದ ಮೇಲೆ ತನ್ನ ಹಾಸಿಗೆಯಲ್ಲಿ ಅವನು ಕಂಡುಕೊಂಡ ಗಂಟುಗಳು ಒಟ್ಟು ಮೂರು. ಸೊಂಟದ ಕೆಳಗಿನದು ಯಜಮಾನ. ಕೂತಲ್ಲಿಂದ ಕದಲುವ ಪೈಕಿಯಲ್ಲ. ಬಲ ಹೆಗಲಿನ ಹತ್ತಿರದ್ದು ನೆಂಟ. ಒಂದು ದಿನ ಇದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ಹಿಮ್ಮಡಿಯ ಬಳಿ ಇನ್ನೊಂದು ಸಣ್ಣದಿತ್ತು, ಅದಕ್ಕೆ ಹೆಸರಿಡುವ ಮೊದಲೇ ಅದು ಮಾಯವಾಯಿತು. ಅದರ ಹಿಂದೆಯೇ ನೆಂಟನೂ ಹೋದ. ಯಜಮಾನನೊಬ್ಬನನ್ನು ನಂಬಿಕೊಂಡು ಇವನು ದಿನ ತಳ್ಳುತ್ತಿದ್ದ. ಕಿಟಕಿಯ ಪರದೆಯ ಅಂಚಿನಿಂದ ಬೆಳಕು ಸದ್ದಿಲ್ಲದೆ ಒಳಗೆ ಬಂದು ಗೋಡೆಯ ಮೇಲೆ ಹರಡಿಕೊಳ್ಳುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು, ರಾತ್ರಿಯೆಲ್ಲ ಗೊರಕೆ ಹೊಡೆದಿರಿ ಎಂದಳು. ಅವಳ ಮುಖ ಅರಳಿತ್ತು. ಆ ಗೊರಕೆಗೆ ಒಂದು ಕಾಲದಲ್ಲಿ ದಿಂಬು ಎತ್ತಿಕೊಂಡು ಹೊರಗಿನ ಕೋಣೆಗೆ ಹೋಗುತ್ತಿದ್ದವಳು ನಿನ್ನೆ ಎದ್ದು ಕೂತು ಕೇಳಿದಳಂತೆ. ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಗೋಡೆಯ ಕಡೆ ತಿರುಗಿಕೊಂಡ.

ಅವನು ಹಾಸಿಗೆ ಮಾಡುವವನು. ಅವನ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಅರಳೆ ಹಿಂಜಿ, ಗವಸಿಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣದಿಂದ ಅಲ್ಲಲ್ಲಿ ಹೊಲಿಗೆ ಹಾಕಿ ಮುಗಿಸಿದ ಮೇಲೆ ಯಾವ ಹಾಸಿಗೆಯೂ ಹಾಗೇ ಹೊರಗೆ ಹೋಗುವಂತಿರಲಿಲ್ಲ. ಅವನು ಚಪ್ಪಲಿ ಬಿಟ್ಟು, ಜೇಬಿನ ಬೀಗದಕೈ ತೆಗೆದಿಟ್ಟು, ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚುತ್ತಿದ್ದ. ಹಿಂಜುವ ಯಂತ್ರ ನಿಲ್ಲುತ್ತಿತ್ತು. ಕೆಲಸದವರು ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು. ಗಾಳಿಯಲ್ಲಿ ತೇಲುತ್ತಿದ್ದ ಅರಳೆಯ ಎಳೆಗಳು ಅವನ ರೆಪ್ಪೆಯ ಮೇಲೆ, ಮೀಸೆಯ ಮೇಲೆ ಬಂದು ಕೂರುತ್ತಿದ್ದವು. ಆಮೇಲೆ ಅವನು ಕಣ್ಣು ತೆರೆದು, “ಹೋಗಲಿ” ಎನ್ನುತ್ತಿದ್ದ. ಆಗ ಹಾಸಿಗೆ ಸುರುಳಿಯಾಗಿ ಗಾಡಿ ಹತ್ತುತ್ತಿತ್ತು. ಅದನ್ನು ನೋಡಲಿಕ್ಕೆಂದೇ ಗಿರಾಕಿಗಳು ತಮ್ಮ ಹಾಸಿಗೆ ಮುಗಿಯುವ ಹೊತ್ತಿಗೆ ಬಂದು ನಿಲ್ಲುತ್ತಿದ್ದರು. ತನ್ನ ಬೆನ್ನಿನ ಬಗ್ಗೆ ಅಷ್ಟು ಹೆಮ್ಮೆ ಪಡುತ್ತಿದ್ದ ಮನುಷ್ಯ ಇನ್ನೊಬ್ಬನಿರಲಾರ, ಅದೂ ಕನ್ನಡಿಯಲ್ಲಿ ಸರಿಯಾಗಿ ನೋಡಿಕೊಳ್ಳಲೂ ಆಗದ ಜಾಗದ ಬಗ್ಗೆ. ಅರಳೆಯಲ್ಲಿ ಒಂದು ಬೀಜ ಉಳಿದಿದ್ದರೂ ನನಗೆ ಗೊತ್ತಾಗುತ್ತೆ ಎಂದು ಹೇಳಿಕೊಂಡು ತಿರುಗಿದ್ದ. ಆರೋಗ್ಯವಾಗಿರುವವನು, ಮಧ್ಯಾಹ್ನದ ಊಟದ ಬಗ್ಗೆ ಯೋಚಿಸುತ್ತಾ, ಕಾಫಿ ಆರುವಷ್ಟು ಹೊತ್ತು ಒಂದು ಹಾಸಿಗೆಯ ಮೇಲೆ ಮಲಗಿದರೆ ಅದರ ಬಗ್ಗೆ ಏನೇನೂ ಗೊತ್ತಾಗುವುದಿಲ್ಲ ಎನ್ನುವುದು ಅವನಿಗೂ ಹೊಳೆದಿರಲಿಲ್ಲ, ಅವನಪ್ಪನಿಗೂ ಹೊಳೆದಿರಲಿಲ್ಲ. ಅದು ತಿಳಿಯಬೇಕಾದರೆ ಉಣುಗು ಕಚ್ಚಬೇಕಾಯಿತು.

ಉಣುಗು ಹತ್ತಿದ್ದು ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ. ಹಳೆಯ ಹಾಸಿಗೆ ಬಿಚ್ಚಿದಾಗ ಬರುವ ಅರಳೆಯನ್ನು ಅಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಸುತ್ತ ಮೊಣಕಾಲುದ್ದದ ಹುಲ್ಲು, ಹೇಳುವವರು ಕೇಳುವವರಿಲ್ಲದ, ಮೈತುಂಬ ಆ ರಕ್ತ ಹೀರುವ ಹುಳು ಹೊತ್ತ ನಾಯಿಗಳು. ಊಟವಾದ ಮೇಲೆ ಆ ಬೆಚ್ಚನೆಯ ರಾಶಿಯ ಮೇಲೆ ಬಿದ್ದುಕೊಳ್ಳುವುದು ಅವನ ಚಟ. ಯಾವಾಗ ಕಚ್ಚಿತೋ ತಿಳಿಯಲೇ ಇಲ್ಲ. ಜ್ವರ ನೆತ್ತಿಗೇರಿ, ಮಾತು ತಡವರಿಸಿ, ಆಸ್ಪತ್ರೆಗೆ ಸಾಗಿಸಿದಾಗ ಡಾಕ್ಟರು ಅದನ್ನು ಕಂಕುಳಿನಿಂದ ಚಿಮಟದಲ್ಲಿ ಕಿತ್ತು ಬಿಳಿ ತಟ್ಟೆಯಲ್ಲಿಟ್ಟು ಹೆಂಡತಿಗೆ ತೋರಿಸಿದರು. ಎಳ್ಳಿನಷ್ಟಿತ್ತು, ಇಷ್ಟಕ್ಕೇ ಇಷ್ಟೆಲ್ಲಾನಾ ಅನ್ನಿಸಿತು ಎಂದು ಅವಳು ನೋಡಲು ಬಂದವರಿಗೆಲ್ಲ ಈಗಲೂ ಹೇಳುತ್ತಾಳೆ. ಅವನು ಇಲ್ಲದಾಗ ಅಂಗಡಿ ನೋಡಿಕೊಳ್ಳುತ್ತಿರುವ ಭಾಮೈದ, ಆನೆಯಂಥ ಆಳನ್ನು ಎಳ್ಳಿನಂಥದು ಕೆಡವಿತು ಎಂದು ನಗಿಸುತ್ತಾನೆ. ಮಲಗಿದವನೂ ನಗಬೇಕಾಗುತ್ತದೆ. ಜ್ವರದಲ್ಲಿ ಕಂಡ ಒಂದನ್ನು ಮಾತ್ರ ಅವನು ಯಾರಿಗೂ ಹೇಳಿಲ್ಲ. ಕೋಣೆಯ ತುಂಬ ಅರಳೆ ಇಳಿಯುತ್ತಿತ್ತು. ಮೊದಲು ಕಾಲು, ಆಮೇಲೆ ಎದೆ, ಆಮೇಲೆ ಬಾಯಿ ಮುಚ್ಚಿತು. ಉಸಿರು ಕಟ್ಟಲಿಲ್ಲ, ಹಾಯೆನಿಸುತ್ತಿತ್ತು. ಅಷ್ಟರಲ್ಲಿ ಯಾರೋ ದಬ್ಬಣ ಹಿಡಿದು ಸುತ್ತಲೂ ಹೊಲಿದರು. ತಾನು ಹಾಸಿಗೆಯ ಒಳಗಿದ್ದೇನೆ ಎಂದು ಆಗ ಗೊತ್ತಾಯಿತು. ಮೇಲೆ ಯಾರದೋ ಭಾರ ಬಿತ್ತು. ಗವಸಿನ ನೇಯ್ಗೆಯ ಸಂದಿನಿಂದ ನೋಡಿದರೆ ಮಲಗಿದ್ದವನು ತಾನೇ, ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಮೀಸೆಯ ಮೇಲೆ ಅರಳೆ ಕೂರಿಸಿಕೊಂಡು. ಇಲ್ಲಿದ್ದೇನೆ, ಇಲ್ಲಿ, ನಿನ್ನ ಹೆಗಲಿನ ಕೆಳಗೆ ಎಂದು ಒಳಗಿನಿಂದ ಕೂಗಿದ. ಮೇಲಿದ್ದವನು ಹೋಗಲಿ ಎಂದು ಎದ್ದುಹೋದ.

ಜ್ವರ ಇಳಿಯಿತು, ಕಾಯಿಲೆ ಇಳಿಯಲಿಲ್ಲ. ಮನೆಗೆ ಬಂದು ತನ್ನ ಹಾಸಿಗೆಯ ಮೇಲೆ, ತಾನೇ ಮಾಡಿದ, ತಾನೇ ಮಲಗಿ ನೋಡಿ ಒಪ್ಪಿದ ಹಾಸಿಗೆಯ ಮೇಲೆ ಮಲಗಿದಾಗ ಮೂರು ಕಡೆ ಒತ್ತಿತು. ಮೂಳೆ ಮೂಳೆಯ ಸಂದಿನಲ್ಲಿ ಮರಳು ಸುರಿದಂತಾಗಿತ್ತು. ಹೊದಿಕೆಯ ಮಡಿಕೆ ಸಹ ತೊಡೆಗೆ ಒತ್ತುತ್ತಿತ್ತು. ಬಟ್ಟೆಯಲ್ಲಿ ನೀರು ಅದ್ದಿ ಹೆಂಡತಿ ಮೈ ಒರೆಸುವಾಗ ಅವಳ ಉಂಗುರ ಎಲ್ಲಿ ತಾಗುತ್ತದೋ ಎಂದು ಹೆದರಿ ಮಗುವಿನ ಹಾಗೆ ಕಣ್ಣು ಮುಚ್ಚುತ್ತಿದ್ದ. ಅವಳು ಏನೂ ಹೇಳದೆ ಒಂದು ದಿನ ಉಂಗುರ ತೆಗೆದಿಟ್ಟು ಬಂದಳು. ವಾರಗಳು ಕಳೆದವು. ಪರೀಕ್ಷೆಗೆ ರಕ್ತ ಕೊಟ್ಟು ಬಂದ, ಮತ್ತೆ ಕೊಟ್ಟು ಬಂದ. ಡಾಕ್ಟರು ಕಾಗದಗಳನ್ನು ತಿರುವಿಹಾಕಿ, ಅವನನ್ನು ಮೇಜಿನ ಮೇಲೆ ಮಲಗಿಸಿ ಅಲ್ಲಿ ಇಲ್ಲಿ ಒತ್ತಿ, ಕೈ ತೊಳೆದುಕೊಳ್ಳುತ್ತಾ, “ರಿಪೋರ್ಟಲ್ಲಿ ಏನೂ ಇಲ್ಲ. ಎಲ್ಲಾ ಸರಿಯಾಗಿದೆ” ಎಂದರು. ನೋವು ಇನ್ನೂ ಇದೆ ಎಂದು ಇವನು ಅಂದಾಗ ಅವರು ಮುಗುಳ್ನಕ್ಕು, ತುಂಬಾ ದಿನ ಮಲಗಿದವರಿಗೆ ಹಾಗೆ ಅನ್ನಿಸುತ್ತದೆ, ಮನಸ್ಸನ್ನು ಬೇರೆ ಕಡೆ ಹರಿಸಿ ಎಂದರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಹೇಳಿದ್ದು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಕೂತಿದ್ದವನಿಗೆ ಮುಖ ಬಿಸಿಯಾಯಿತು. ತಾನೇನೋ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೇನೆ ಎನ್ನಿಸಿತು. ಈ ಮಾತನ್ನು ಎಲ್ಲೋ ಕೇಳಿದ್ದೇನೆ, ಯಾರು ಅಂದದ್ದು, ಯಾರ ಮನೆಯಲ್ಲಿ ಎಂದು ಹೊರಗಿನ ಬೆಂಚಿನಲ್ಲಿ ಕೂತು ಹುಡುಕಿದ. ದನಿ ನೆನಪಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಅದು ಅವನದೇ ದನಿಯಾಗಿತ್ತು.

ಅಕ್ಕನ ಮನೆ. ಭಾವ ಕೆಲಸದಿಂದ ನಿವೃತ್ತರಾದ ದಿನ, ಹೊರಗಿನ ಕೋಣೆಯ ತುಂಬ ಅವರ ಆಫೀಸಿನವರು. ಅಕ್ಕನಿಗೆ ಮೂಳೆ ಸವೆಯುವ ಕಾಯಿಲೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ನೆಟ್ಟಗೆ ಕೂತು ಊರಿನ ದನಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದವಳ ಬೆನ್ನು ಈಗ ಬಾಗಿಹೋಗಿತ್ತು. ತಮ್ಮ ಮಾಡಿಕೊಟ್ಟ ಹೊಸ ಹಾಸಿಗೆಯಲ್ಲಿ ಎಡ ಹೆಗಲಿನ ಕೆಳಗೆ ಏನೋ ಒತ್ತುತ್ತದೆ ಎಂದು ಅವಳು ಮೊದಲೇ ಒಂದೆರಡು ಸಲ ಅಂದಿದ್ದಳು. ಅವನು ಆಗಲೇ ಒಮ್ಮೆ ಬಂದು ಮಲಗಿ ನೋಡಿ ಏನೂ ಇಲ್ಲ ಎಂದು ಹೋಗಿದ್ದ. ಅವತ್ತು ಅವಳು ಮತ್ತೆ ಮೆಲ್ಲಗೆ ಅವನ ತೋಳು ಹಿಡಿದು, ಒಂಚೂರು ನೋಡು ಬಾ ಎಂದು ಒಳಗೆ ಕರೆದಳು. ಇವನ ಮಲಗುವ ಆಟ ಊರಿಗೇ ಗೊತ್ತಿದ್ದದ್ದರಿಂದ ನಾಲ್ಕಾರು ಮಂದಿ ಕಾಫಿಯ ಲೋಟ ಹಿಡಿದುಕೊಂಡೇ ಹಿಂದೆ ಬಂದರು. ಅವನು ಚಪ್ಪಲಿ ಬಿಟ್ಟ. ಮಲಗಿದ. ಕಣ್ಣು ಮುಚ್ಚಿದ. ನೋಡುವವರಿದ್ದಾರೆಂದು ಎಂದಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಮುಚ್ಚಿದ. ಆಮೇಲೆ ಎದ್ದು ಕೂತು, “ಅಕ್ಕ, ಗಂಟು ಹಾಸಿಗೆಯಲ್ಲಿಲ್ಲ, ನಿನ್ನ ಬೆನ್ನಲ್ಲಿದೆ” ಎಂದ. ಗಿರಾಕಿಗಳ ಹತ್ತಿರ ಎಷ್ಟೋ ಸಲ ಆಡಿ ಪಳಗಿದ ಮಾತು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಬಗ್ಗಲಾರದೆ ಬಗ್ಗಿ, ಅವನು ಮಲಗಿದ್ದ ಜಾಗದ ಹೊದಿಕೆಯನ್ನು ಅಂಗೈಯಿಂದ ಸವರಿ ಸರಿಮಾಡಿದಳು. ಅಂದಿನಿಂದ ಅವಳು ಹಾಸಿಗೆಯ ಮಾತೆತ್ತಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನನ್ನು ಬೈಯುವುದನ್ನು ಬಿಟ್ಟಳು. ಮೊದಲೆಲ್ಲ ಹೋದರೆ ಸಾಕು, ತಲೆ ಬಾಚಿಲ್ಲ, ಅಂಗಿ ಮುದುರಿದೆ, ಹೆಂಡತಿಗೆ ಒಂದು ದಿನ ರಜೆ ಕೊಡೋದಿಲ್ಲ ಎಂದು ಜಾಡಿಸುತ್ತಿದ್ದವಳು ಈಗ ಬಂದಾಗ ಕೂತ್ಕೋ ಎನ್ನುತ್ತಿದ್ದಳು, ಹೊರಟಾಗ ಹೋಗ್ಬಾ ಎನ್ನುತ್ತಿದ್ದಳು. ಅವಳಿಗೂ ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಎಂದು ಅವನು ಹೆಂಡತಿಯ ಹತ್ತಿರ ಹೇಳಿದ್ದ.

ಭಾವ ಅವನನ್ನು ನೋಡಲು ಬಂದಾಗ, ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು ಮಾತಿಗೇನೂ ಸಿಗದೆ ಕುರ್ಚಿಯನ್ನೇ ಹೊಗಳಿದರು. ಇಂಥದ್ದೊಂದು ನಮ್ಮಲ್ಲೂ ಬೇಕು ಕಣಯ್ಯ, ನಿಮ್ಮಕ್ಕ ಕುರ್ಚಿಯಲ್ಲೇ ಮಲಗೋದಲ್ವಾ, ಅದಕ್ಕೆ ಕೈ ಇಡೋ ಜಾಗ ಸರಿಯಿಲ್ಲ ಎಂದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಕುರ್ಚಿಯಲ್ಲಿ ಯಾಕೆ ಎಂದು ಕೇಳಿದ. ಭಾವ ಅವನ ಮುಖ ನೋಡಿ, ಹೇಳಬಾರದ್ದನ್ನು ಹೇಳಿದವರ ಹಾಗೆ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹೋದ ಮೇಲೆ ಮಧ್ಯಾಹ್ನ ಪೂರ್ತಿ ಅವನು ಆ ಖಾಲಿ ಕುರ್ಚಿಯನ್ನು ನೋಡುತ್ತಾ ಮಲಗಿದ್ದ. ನೋಡುತ್ತಾ ನೋಡುತ್ತಾ ಅದರಲ್ಲಿ ಅಕ್ಕ ಕೂತಂತಾಯಿತು, ಕುತ್ತಿಗೆ ಒಂದು ಕಡೆ ವಾಲಿ, ಬಾಯಿ ಸ್ವಲ್ಪ ತೆರೆದು. ಚಿಕ್ಕಂದಿನಲ್ಲಿ ಇಬ್ಬರಿಗೂ ಒಂದೇ ಹಾಸಿಗೆ. ಊರಿಗೆಲ್ಲ ಹಾಸಿಗೆ ಮಾಡುತ್ತಿದ್ದ ಅಪ್ಪನಿಗೆ ಮನೆಯದನ್ನು ಹಿಂಜಿಸಲು ಪುರುಸೊತ್ತೇ ಆಗಲಿಲ್ಲ. ಅದರ ಒಂದು ಬದಿ ಹರಿದು ಅರಳೆ ಉಂಡೆಯುಂಡೆಯಾಗಿತ್ತು. ಅಕ್ಕ ಅವನನ್ನು ಗೋಡೆಯ ಬದಿಗೆ, ಮೆತ್ತಗಿದ್ದ ಕಡೆಗೆ ಮಲಗಿಸಿ, ಆ ಉಂಡೆಗಳ ಕಡೆ ತಾನು ಮಲಗುತ್ತಿದ್ದಳು. ನೀನು ಉರುಳಿ ಬೀಳ್ತೀಯ, ಅದಕ್ಕೆ ಎನ್ನುತ್ತಿದ್ದಳು. ಅವನು ದೊಡ್ಡವನಾಗಿ, ಮದುವೆಯಾಗಿ, ಕೂದಲು ನರೆತ ಮೇಲೂ ಅದನ್ನೇ ನಂಬಿದ್ದ. ಈಗ ಯಜಮಾನ ಸೊಂಟದ ಕೆಳಗೆ ಕೂತು ಒತ್ತುತ್ತಿರುವಾಗ, ಅವಳು ಹಾಗೆ ಎಷ್ಟು ರಾತ್ರಿ ಕಳೆದಿರಬಹುದು ಎಂದು ಯೋಚಿಸಿ ಅವನಿಗೆ ಅಳು ಬಂತು. ಹೆಂಡತಿ ಓಡಿಬಂದು ನೋವು ಜಾಸ್ತಿಯಾಯಿತಾ ಎಂದು ಕೇಳಿದಾಗ ಹೌದು ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

ಅವತ್ತೇ ಅವನು ತೀರ್ಮಾನಿಸಿದ್ದ. ಈ ಮೈಯಿಂದಲೇ, ಈ ಹುಣ್ಣಾದ ಬೆನ್ನಿನಿಂದಲೇ ಅಕ್ಕನ ಹಾಸಿಗೆಯ ಮೇಲೆ ಒಮ್ಮೆ ಮಲಗಬೇಕು. ಹೊದಿಕೆಯ ಮಡಿಕೆಯನ್ನು ಹಿಡಿಯುವ ಬೆನ್ನು ಅವಳ ಗಂಟನ್ನು ಹಿಡಿಯದೆ ಇರುತ್ತದೆಯೇ. ಹಿಡಿದ ಕೂಡಲೇ ಎದ್ದು ಕೂತು, ಇದೆ ಅಕ್ಕ, ನೀನು ಹೇಳಿದ್ದು ನಿಜ, ನಾನು ದನ ಕಾಯುವವನು ಎಂದುಬಿಡಬೇಕು. ಭಾಮೈದನನ್ನು ಕಳಿಸಿ ಆ ಹಾಸಿಗೆಯನ್ನು ಇಲ್ಲಿಗೇ ತರಿಸುತ್ತೇನೆಂದು ಹೇಳಿಕಳಿಸಿದರೆ, ಏನೂ ಬೇಡ, ಚೆನ್ನಾಗಿಯೇ ಇದೆ ಎಂದು ಅಕ್ಕನ ಉತ್ತರ ಬಂತು. ಭಾಮೈದ, ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ, ಹೊಸದೊಂದು ಮಾಡಿ ಕಳಿಸಿಬಿಡೋಣ ಎಂದ. ಬಾಯಿ ಮುಚ್ಚಿಸಲು ಕೊಡುವುದು ಹೊಸದು. ಅಕ್ಕನ ಬಾಯಿ ಈಗಾಗಲೇ ಮುಚ್ಚಿದೆ ಎಂದು ಅವನಿಗೆ ವಿವರಿಸುವುದು ಹೇಗೆ. ತಾನೇ ಹೋಗಬೇಕು. ಆದರೆ ಅಕ್ಕನ ಮನೆ ಎರಡೇ ಬೀದಿ ಆಚೆ ಇದ್ದರೂ, ಇವನ ಮನೆಯ ಮಹಡಿ ಮೆಟ್ಟಿಲು ಇಳಿಯಲು ಕಾಲಿಗೆ ಶಕ್ತಿ ಇರಲಿಲ್ಲ. ಆಸ್ಪತ್ರೆಗೆ ಹೋಗುವಾಗ ಭಾಮೈದ ಕೆಲಸದವರ ಜೊತೆ ಹೊತ್ತು ಇಳಿಸುತ್ತಿದ್ದ, ಇದಕ್ಕೂ ಹೊರು ಎನ್ನಲು ಬಾಯಿ ಬರಲಿಲ್ಲ. ಮೆಟ್ಟಿಲು ಇಳಿಯುವಷ್ಟು ಶಕ್ತಿ ಬರಬೇಕಾದರೆ ಮೈ ಗುಣವಾಗಬೇಕು. ಮೈ ಗುಣವಾದರೆ ಬೆನ್ನು ಮತ್ತೆ ಮರದ ಹಲಗೆ. ದಿನಾ ಬೆಳಿಗ್ಗೆ ಅವನು ಕಾಲು ಮಡಿಸಿ ಬಿಡಿಸಿ ನೋಡುತ್ತಿದ್ದ, ಕೂಡಲೇ ಬೆನ್ನನ್ನೂ ಒತ್ತಿ ನೋಡುತ್ತಿದ್ದ. ಒಂದು ಏರಿದರೆ ಇನ್ನೊಂದು ಇಳಿಯುತ್ತಿತ್ತು. ನೋವಿನ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು, ಹೆಂಡತಿ ಅತ್ತ ತಿರುಗಿದಾಗ ಕಿಟಕಿಯಿಂದ ಉಗಿದದ್ದೂ ಉಂಟು. ಲೋಕದಲ್ಲಿ ಗುಣವಾಗುವುದಕ್ಕೆ ಹೆದರಿದ ರೋಗಿ ತಾನೊಬ್ಬನೇ ಇರಬೇಕು ಎಂದುಕೊಂಡು ಒಬ್ಬನೇ ನಗುತ್ತಿದ್ದ.

ಇವತ್ತು ಯಜಮಾನನೂ ಹೋಗಿಬಿಟ್ಟಿದ್ದ. ಹೆಂಡತಿ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಅಂಗಡಿಗೆ ಹೊರಟ ಕೂಡಲೇ ಅವನು ಎದ್ದು ಅಂಗಿ ಹಾಕಿಕೊಂಡ. ಅಂಗಿ ಯಾರದೋ ಎರವಲು ತಂದದ್ದರ ಹಾಗೆ ಜೋತುಬಿತ್ತು. ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಮೆಟ್ಟಿಲು ಇಳಿದ. ಕೆಳಗೆ ಬೀದಿ ಇತ್ತು, ಇವನಿಲ್ಲದೆಯೂ ನಡೆದುಕೊಂಡು ಬಂದದ್ದಕ್ಕೆ ಯಾವ ನಾಚಿಕೆಯೂ ಇಲ್ಲದೆ. ಇಸ್ತ್ರಿ ಅಂಗಡಿಯಿಂದ ಬೆಚ್ಚನೆಯ ಹಬೆ ಬಂದು ಕಾಲಿಗೆ ಸುತ್ತಿಕೊಂಡಿತು. ಏಣಿಯ ಮೇಲೆ ನಿಂತವನೊಬ್ಬ ಒಂದು ಬಾಗಿಲಿಗೆ ನೀಲಿ ಬಣ್ಣ ಬಳಿಯುತ್ತಿದ್ದ. ಅಷ್ಟು ನೀಲಿಯನ್ನು ತಾನು ಈ ಮೊದಲು ನೋಡೇ ಇಲ್ಲ ಎನ್ನಿಸಿ ನಿಂತು ನೋಡಿದ. ಔಷಧಿ ಅಂಗಡಿಯವನು ಹೊರಗೆ ಬಂದು, ಓಡಾಡ್ತಿದ್ದೀರಲ್ಲ, ಬಹಳ ಸಂತೋಷ, ನಾವು ಏನೇನೋ ಕೇಳಿದ್ವಿ ಎಂದ. ಏನು ಕೇಳಿದಿರಿ ಎಂದು ಇವನು ಕೇಳಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ. ಕಲ್ಲು ತಣ್ಣಗಿತ್ತು, ಗಟ್ಟಿಯಾಗಿತ್ತು, ಆದರೆ ಒತ್ತಲಿಲ್ಲ. ಅವನು ಬೇಕೆಂದೇ ಅಂಚಿಗೆ ಬೆನ್ನು ತಾಗಿಸಿ ಕೂತು ನೋಡಿದ. ಎದುರಿನ ಬೇಕರಿಯಿಂದ ಬ್ರೆಡ್ಡಿನ ವಾಸನೆ ಬಂತು. ಎಷ್ಟೋ ಕಾಲದಿಂದ ಊಟವೆಂದರೆ ಓಕರಿಕೆ ಬರುತ್ತಿದ್ದವನ ಬಾಯಲ್ಲಿ ನೀರೂರಿತು. ಬೇಡ, ಈಗಲ್ಲ ಎಂದು ಹೊಟ್ಟೆಗೆ ಹೇಳಿದ. ಹೊಟ್ಟೆ ಕೇಳಲಿಲ್ಲ. ಒಂದು ಬನ್ನು ಕೊಂಡು ಅಲ್ಲೇ ನಿಂತು, ಪುಡಿ ಎದೆಯ ಮೇಲೆಲ್ಲ ಉದುರಿಸಿಕೊಂಡು, ಯಾರಾದರೂ ಕಿತ್ತುಕೊಂಡಾರೋ ಎಂಬಂತೆ ತಿಂದ. ತಿನ್ನುತ್ತಿದ್ದಂತೆ ಬಿಸಿಲು ಹೆಗಲಿಗೆ ಬಿತ್ತು, ಕಾಲಿನೊಳಗೆ ಏನೋ ಸಣ್ಣಗೆ ಹರಿಯತೊಡಗಿತು. ಬದುಕುವುದು ಇಷ್ಟು ರುಚಿಯಾಗಿತ್ತೇ ಎನ್ನಿಸಿತು. ಮರುಗಳಿಗೆಯೇ ನಾಚಿಕೆಯಾಗಿ ಬಾಯಿ ಒರೆಸಿಕೊಂಡು ಬೇಗಬೇಗ ನಡೆದ. ಬೇಗ ನಡೆಯಲು ಸಾಧ್ಯವಾಯಿತು ಎನ್ನುವುದೇ ಇನ್ನೊಂದು ಪೆಟ್ಟು.

ಬಾಗಿಲು ತೆರೆದವರು ಭಾವ. ಒಳಗೆ ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಕೈ ಇಡುವ ಜಾಗಕ್ಕೆ ಹಳೆಯ ಟವೆಲು ಸುತ್ತಿತ್ತು. ಅವನನ್ನು ನೋಡಿ ಅವಳ ಕಣ್ಣು ಒಮ್ಮೆ ದೊಡ್ಡದಾಯಿತು. ಅಂಗಿಯ ಮೇಲಿನ ಬನ್ನಿನ ಪುಡಿ, ತಪ್ಪಾಗಿ ಹಾಕಿಕೊಂಡ ಗುಂಡಿ, ಎಲ್ಲವನ್ನೂ ಅವಳು ಕಂಡಳು ಎಂದು ಅವನಿಗೆ ಗೊತ್ತಾಯಿತು. ಈಗ ಬೈಯುತ್ತಾಳೆ ಎಂದು ಕಾದ. ಕೂತ್ಕೋ ಎಂದಳು. ಅವನು ಕೂರಲಿಲ್ಲ. ಹಾಸಿಗೆ ನೋಡಬೇಕು ಎಂದ. ಚೆನ್ನಾಗಿಯೇ ಇದೆಯಲ್ಲ, ನೀನು ಕಾಯಿಲೆ ಮನುಷ್ಯ, ಮೊದಲು ನೀರು ಕುಡಿ ಎಂದು ಅವಳು ನಯವಾಗಿಯೇ ಹೇಳಿದಳು. ಆ ನಯ ಅವನಿಗೆ ತಡೆಯಲಾಗಲಿಲ್ಲ. ಕೋಣೆಗೆ ಹೋಗಿ ಚಪ್ಪಲಿ ಬಿಟ್ಟ. ಹಾಸಿಗೆಯ ಹೊದಿಕೆ ಅಂಗಡಿಯಲ್ಲಿ ಮಡಿಸಿಟ್ಟಷ್ಟು ನೀಟಾಗಿತ್ತು, ಎಷ್ಟೋ ದಿನದಿಂದ ಯಾರೂ ಮಲಗದ ಹಾಗೆ. ಅಂಗಾತ ಮಲಗಿ, ಎಡ ಹೆಗಲನ್ನು ಸಡಿಲ ಬಿಟ್ಟು, ಕಣ್ಣು ಮುಚ್ಚಿದ. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಬಾಗಿಲ ಬಳಿ ಅಕ್ಕನ ಊರುಗೋಲಿನ ಸದ್ದು ಬಂದು ನಿಂತಿತು. ಅವನು ಕಾದ. ಹೆಗಲನ್ನು ಒತ್ತಿ ಕಾದ. ಬಾ, ಬಾ ಎಂದು ಒಳಗೇ ಕರೆದ. ಹಾಸಿಗೆ ಮೆತ್ತಗೆ, ಸಮವಾಗಿ, ಎಲ್ಲ ಕಡೆಯಿಂದಲೂ ಅವನನ್ನು ಎತ್ತಿ ಹಿಡಿದಿತ್ತು. ಕೆಟ್ಟದ್ದೇನೆಂದರೆ ಹಾಯೆನಿಸುತ್ತಿತ್ತು, ರೆಪ್ಪೆ ಭಾರವಾಗುತ್ತಿತ್ತು, ಇನ್ನೊಂದು ಗಳಿಗೆ ಬಿಟ್ಟರೆ ಅಲ್ಲೇ ಗೊರಕೆ ಹೊಡೆಯುತ್ತಿದ್ದ.

ಕಣ್ಣು ತೆರೆದಾಗ ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಸೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ನಿಂತವರ ಮುಖ. ಇದೆ ಎಂದು ಸುಳ್ಳು ಹೇಳಿಬಿಡೋಣ ಎಂದು ಅವನಿಗೆ ಅನ್ನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ಮೊನ್ನೆ ಮೊನ್ನೆ ಹೆಂಡತಿ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ ಎಂದಾಗ, ಅವಳಿಗೇನೂ ಅರ್ಥವಾಗಿಲ್ಲ ಎಂದು ತನ್ನ ಮೈಗೆ ಎಷ್ಟು ಬೇಗ ತಿಳಿದಿತ್ತು. ಅವನು ಎದ್ದು ಹಾಸಿಗೆಯ ಅಂಚಿನಲ್ಲಿ ಕೂತ.

“ನನಗೆ ಗೊತ್ತಾಗ್ತಿಲ್ಲ ಅಕ್ಕ,” ಎಂದ. “ನನ್ನ ಬೆನ್ನಿಗೆ ಗೊತ್ತಾಗ್ತಿಲ್ಲ. ನೀನು ಮಲಗಿ ತೋರಿಸು.”

ಗೇಲಿಯೋ ಏನೋ ಎಂದು ಅಕ್ಕ ಅವನ ಮುಖದಲ್ಲಿ ಹುಡುಕಿದಳು. ಹಿಂದೆ ಕಾಫಿ ಲೋಟ ಹಿಡಿದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವಂತೆ ಒಮ್ಮೆ ತಿರುಗಿಯೂ ನೋಡಿದಳು. ಆಮೇಲೆ ಊರುಗೋಲನ್ನು ಗೋಡೆಗೆ ಆನಿಸಿ, ಅವನ ಕೈ ಹಿಡಿದು, ಮೊದಲು ಕೂತು, ಒಂದು ಕಾಲು, ಇನ್ನೊಂದು ಕಾಲು ಎತ್ತಿ, ಉಸಿರು ಬಿಗಿಹಿಡಿದು ಮಲಗಿದಳು. ಅವನು ಅವಳ ಎಡ ಹೆಗಲಿನ ಕೆಳಗೆ ಅಂಗೈ ತೂರಿಸಿದ. ಇಲ್ಲೇನಾ ಎಂದು ಕೇಳಿದ. ಒಂಚೂರು ಕೆಳಗೆ ಎಂದಳು. ಅಂಗೈಗೆ ಹಾಸಿಗೆಯಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಅವಳ ಮೂಳೆ, ಚರ್ಮದ ಕೆಳಗೆ ಚೂಪಾಗಿ ಎದ್ದು ನಿಂತ, ಹಕ್ಕಿಯ ರೆಕ್ಕೆಯಷ್ಟು ಹಗುರವಾದ ಮೂಳೆ. ಅವನು ಕೈ ತೆಗೆಯದೆ ಕೂತ. ಹಾಸಿಗೆಯಲ್ಲಿ ಇಲ್ಲದ್ದು ಅವಳ ಬೆನ್ನಿನಲ್ಲಿದ್ದರೆ ಆಗಲಿ. ಬೆನ್ನನ್ನು ಬಿಚ್ಚಲು ತನಗೆ ಬರುವುದಿಲ್ಲ, ಹಾಸಿಗೆ ಬಿಚ್ಚಲು ಬರುತ್ತದೆ. ಭಾವನಿಗೆ ಒಂದು ಹಳೆಯ ಹೊದಿಕೆ ನೆಲಕ್ಕೆ ಹಾಸಿ ಎಂದ, ಕತ್ತರಿ ಕೇಳಿದ, ಒಂದು ದೊಡ್ಡ ಸೂಜಿ, ಗಟ್ಟಿ ದಾರ. ಕೋಣೆಗೇ ತಂದ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಅವಳು ತೋರಿಸಿದ ಕಡೆ ಹೊಲಿಗೆ ಬಿಚ್ಚಿ, ಒಳಗಿನ ಅರಳೆಯನ್ನು ಹಿಡಿಹಿಡಿಯಾಗಿ ತೆಗೆದು ನೆಲದ ಮೇಲೆ ಹಾಕಿದ.

ಯಂತ್ರವಿಲ್ಲ, ಬೆರಳೇ ಗತಿ. ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದು ಎಸಳನ್ನೂ ಎಳೆದು ಬಿಡಿಸಿದ. ಅರಳೆ ಬೆಳ್ಳಗೆ, ಹೂವಿನಂತಿತ್ತು. ಬೀಜವಿಲ್ಲ, ಕಸವಿಲ್ಲ, ಉಂಡೆಯಿಲ್ಲ. ಅವನ ಜೀವಮಾನದ ಒಳ್ಳೆಯ ಕೆಲಸಗಳಲ್ಲಿ ಅದೊಂದು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಕೋಣೆಯ ಬಿಸಿಲಿನಲ್ಲಿ ಎಳೆಗಳು ಏಳತೊಡಗಿದವು, ಭಾವನ ಕನ್ನಡಕದ ಮೇಲೆ, ಅಕ್ಕನ ಮಡಿಲಲ್ಲಿ ಇಳಿದವು. ಬೆರಳು ಸೋತಾಗ ನಿಲ್ಲಿಸಿ ಮತ್ತೆ ಶುರುಮಾಡಿದ. ಒಂದು ಸಲ ತಲೆ ಸುತ್ತಿ ಗೋಡೆಗೆ ಒರಗಿದ. ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿರುವಂತೆ, ತಾನೂ ಅಕ್ಕನೂ ಭಾವನೂ ಯಾವುದೋ ದೊಡ್ಡ ಬಿಳುಪಿನ ಒಳಗೆ ಸುಮ್ಮನೆ ಕೂತಿರುವಂತೆ ಅನ್ನಿಸಿತು. ಅದೇನೂ ಕೆಟ್ಟದಾಗಿರಲಿಲ್ಲ. ಬಿಸಿಲು ಮಂಚದ ಕಾಲಿನಿಂದ ಗೋಡೆಗೆ ಹೋಗುವ ಹೊತ್ತಿಗೆ ಎಲ್ಲವನ್ನೂ ಮತ್ತೆ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿ, ಹೊಲಿದು ಮುಗಿಸಿದ. ಅಕ್ಕ ಬಂದು ಮಲಗಿದಳು. ಕಣ್ಣು ಮುಚ್ಚಿದಳು. ಅವನು ದಾರದ ತುದಿ ಬೆರಳಿಗೆ ಸುತ್ತಿಕೊಂಡು ಪಕ್ಕದಲ್ಲೇ ನಿಂತ.

ಚೆನ್ನಾಗಿದೆ ಎಂದಳು ಅಕ್ಕ. ಈಗ ಚೆನ್ನಾಗಿದೆ, ನೀನು ಸುಸ್ತಾಗಿದ್ದೀಯ, ಮನೆಗೆ ಹೋಗಿ ಮಲಗು. ಭಾವ ಸಮಾಧಾನದಿಂದ ಉಸಿರು ಬಿಟ್ಟು ನೆಲದ ಹೊದಿಕೆ ಮಡಿಸತೊಡಗಿದರು. ಅವನಿಗೂ ಮೈಯೆಲ್ಲ ಹಗುರವಾಯಿತು. ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಡಲು ಹೋದ. ಆಗ ಅವಳ ಕೈ ಕಂಡಿತು. ಮಂಚದ ಅಂಚನ್ನು ಹಿಡಿದುಕೊಂಡಿತ್ತು. ಎಡ ಹೆಗಲು ಹಾಸಿಗೆಗೆ ತಾಗಿತ್ತು, ಆದರೆ ಅಲ್ಲಿ ಭಾರ ಇಳಿದಿರಲಿಲ್ಲ. ತಾಗಿಸಿಯೂ ತಾಗಿಸದ ಹಾಗೆ ಅವಳು ಅದನ್ನು ಎತ್ತಿ ಹಿಡಿದಿದ್ದಳು. ಮುಖದಲ್ಲಿ ಮಾತ್ರ ನಗು.

“ಅಕ್ಕ,” ಎಂದ. “ಇನ್ನೂ ಇದೆಯಾ?”

ಇವತ್ತಿಗೆ ಸಾಕು ಕಣಯ್ಯ, ನಿನಗೇ ನಿಲ್ಲೋಕೆ ಆಗ್ತಿಲ್ಲ ಎಂದರು ಭಾವ. ಅವನು ಕೇಳಿಸಿಕೊಳ್ಳದವನಂತೆ ಮಂಚದ ಪಕ್ಕ ಮೊಣಕಾಲೂರಿ ಕೂತು, ಅವಳ ಮುಖಕ್ಕೆ ಮುಖ ತಂದು ಕಾದ. ಹತ್ತಿರದಿಂದ ಅವಳ ಕಣ್ಣಿನ ಸುತ್ತ ನಿದ್ದೆಯಿಲ್ಲದ ಕಪ್ಪು ಕಂಡಿತು. ಅವಳ ಹುಬ್ಬಿನ ಮೇಲೆ ಒಂದು ಅರಳೆಯ ಎಳೆ ಕೂತಿತ್ತು. ಅವಳ ನಗು ಮೆಲ್ಲಗೆ ಇಳಿದುಹೋಯಿತು.

“ಇದೆ,” ಎಂದಳು. “ಸ್ವಲ್ಪ ಮೇಲಕ್ಕೆ.”

“ಎಲ್ಲಿ, ಬೆರಳಿಟ್ಟು ತೋರಿಸು.”

ತೋರಿಸಿದಳು. ಅವನು ಆ ಜಾಗಕ್ಕೆ ತನ್ನ ಬೆರಳಿಟ್ಟು, ಇನ್ನೊಂದು ಕೈಯಿಂದ ಕತ್ತರಿಗೆ ತಡಕಾಡಿದ. ಸ್ವಲ್ಪ ಏಳು ಅಕ್ಕ ಎಂದ. ಏಳಲೆಂದು ಅವಳು ಅವನ ಅಂಗಿಯ ಎದೆಯನ್ನು ಹಿಡಿದುಕೊಂಡು ಎದ್ದು ಕೂತಳು, ಹಿಡಿದದ್ದನ್ನು ಬಿಡದೆ ಹಾಗೇ ನೋಡಿದಳು.

“ಗುಂಡಿ ಹಾಕ್ಕೊಳ್ಳೋಕೂ ಬರಲ್ವೇನೋ ನಿನಗೆ? ಈ ವಯಸ್ಸಲ್ಲಿ? ಈ ಅಂಗಿ ನೋಡು, ಬನ್ನಿನ ಪುಡಿ ಮೆತ್ಕೊಂಡಿದೆ. ಸರಿಯಾಗಿ ಹಿಂಜು ಈ ಸಲ. ಅರ್ಜೆಂಟ್ ಮಾಡ್ಬೇಡ.”

ಹೂಂ ಎಂದು ಅವನು ತಲೆ ತಗ್ಗಿಸಿ ಹೊಲಿಗೆ ಬಿಚ್ಚತೊಡಗಿದ. ಅವಳು ಬೈಯುತ್ತಲೇ ಇದ್ದಳು.